ಚಾಕಿ ಮನೆಯ ಕೆಂಪು ದೀಪ ಎಷ್ಟು ಸಲ ಮಿಣುಕಿತು

ನನ್ನ ಅಕ್ಕ ಸೋಲೂರಿನ ಹತ್ತಿರ ಒಂದು ಚಾಕಿ ಮನೆ ನಡೆಸುತ್ತಾಳೆ. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಎರಡನೇ ಜ್ವರ ಕಳೆಯುವವರೆಗೆ ಹುಳುಗಳನ್ನು ಸಾಕಿ ರೈತರಿಗೆ ಕೊಡುವ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ನಿಂತು ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆ ಹೊತ್ತಿನಲ್ಲಿ ಕೋಣೆಯ ಶಾಖ ಏರುಪೇರಾದರೆ ಕೆಲವು ಹುಳು ಬೇಗ ಏಳುತ್ತವೆ, ಕೆಲವು ತಡವಾಗಿ. ಎದ್ದವಕ್ಕೆ ಸೊಪ್ಪು ಹಾಕಿದರೆ ಏಳದವು ಅದರಡಿ ಸಿಕ್ಕಿಕೊಳ್ಳುತ್ತವೆ. ಹಾಕದಿದ್ದರೆ ಎದ್ದವು ಹಸಿದು ಸೊರಗುತ್ತವೆ. ಅಂಥ ಹುಳು ಒಂದು ಸಲ ಕೊಟ್ಟ ಮನೆಗೆ ರೈತ ಎರಡನೇ ಸಲ ಬರುವುದಿಲ್ಲ. ಬರದೇ ಇರುವುದಷ್ಟೇ ಅಲ್ಲ, ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾಕೆ ಬರುವುದಿಲ್ಲ ಎಂಬುದನ್ನೂ ವಿವರಿಸುತ್ತಾನೆ.

ನಾನು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ನಿವೃತ್ತನಾದವನು. ಸೇವಾವಧಿಯುದ್ದಕ್ಕೂ ಯಂತ್ರಗಳ ಪಟ್ಟಿ ಬರೆದಿದ್ದೇನೆ, ಒಂದನ್ನೂ ಬಿಚ್ಚಿದವನಲ್ಲ. ಈ ಎರಡು ಕೆಲಸಗಳ ನಡುವೆ ಇರುವ ವ್ಯತ್ಯಾಸ ನಮ್ಮ ಕುಟುಂಬದಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಸುವ ಸಂದರ್ಭ ನನಗೂ ಒದಗಿ ಬಂದಿರಲಿಲ್ಲ. ಆದ್ದರಿಂದ ಅಕ್ಕ ಚಳಿಗಾಲದಲ್ಲಿ ಇದ್ದಿಲ ಒಲೆ ಇಟ್ಟು ಇಟ್ಟು ಹೊಗೆ ಕುಡಿದು ಸಾಕಾಗಿದೆ ಎಂದಾಗ, ಬಾವಿ ನೀರಿನ ಹೀಟ್ ಪಂಪ್ ಹಾಕಿಸು ಎಂದು ತೀರ್ಪು ಕೊಟ್ಟವನು ನಾನೇ. ಬಾವಿಯ ನೀರಲ್ಲಿ ಇರುವ ಶಾಖವನ್ನು ಹೀರಿ ಕೋಣೆಯೊಳಕ್ಕೆ ಬಿಸಿ ಗಾಳಿಯಾಗಿ ಊದುವ ಯಂತ್ರ ಅದು. ಬೇಸಿಗೆಯಲ್ಲಿ ತಿರುಗಿಸಿದರೆ ತಣ್ಣನೆ ಗಾಳಿ. ಯಾರೋ ಹೇಳಿದ್ದನ್ನು ನಾನು ಹೀಗೇ ಒಪ್ಪಿಸಿದ್ದೆ.

ಎರಡು ಚಳಿಗಾಲ ಅದು ಮಾತಾಡದೆ ಕೆಲಸ ಮಾಡಿತು. ಮೂರನೆಯದರಲ್ಲಿ, ಹುಳು ಎರಡನೇ ಜ್ವರಕ್ಕೆ ಕೂತ ಬೆಳಗ್ಗೆಯೇ ನಿಂತುಹೋಯಿತು.

ನಿಂತ ಸುದ್ದಿ ರಾಮನಗರದಲ್ಲಿದ್ದ ನನಗೆ ಫೋನಿನಲ್ಲಿ ಬಂತು. ಯಂತ್ರದ ಹೊಟ್ಟೆಯಲ್ಲಿ ಅಂಗೈ ಅಗಲದ ಒಂದು ಹಸಿರು ಬೋರ್ಡು ಇದೆ. ಅದರ ಮೇಲೆ ಎಂಟು ಪುಟ್ಟ ಸ್ವಿಚ್ಚು, ಒಂದು ಕೆಂಪು ದೀಪ. ಯಂತ್ರ ಮುನಿಸಿಕೊಂಡಾಗ ಆ ದೀಪ ಇಷ್ಟು ಸಲ ಮಿಣುಕಿ, ಒಸಿ ಸುಮ್ಮನಿದ್ದು, ಮತ್ತೆ ಅಷ್ಟೇ ಸಲ ಮಿಣುಕುತ್ತದೆ. ಎಷ್ಟು ಸಲ ಎಂಬುದರ ಮೇಲೆ ಏನು ಕಾಯಿಲೆ ಎಂದು ಕೈಪಿಡಿಯಲ್ಲಿ ಬರೆದಿದೆ. ಕೈಪಿಡಿ ನನ್ನಲ್ಲಿತ್ತು. ಇಂಗ್ಲಿಷಿನಲ್ಲಿ ಇದ್ದದ್ದರಿಂದ ಅದನ್ನು ನನ್ನ ಸುಪರ್ದಿಗೆ ಒಪ್ಪಿಸಿದ್ದರು. ವಿಡಿಯೋ ಕಳಿಸಿ ಎಂದೆ. ಕಳಿಸಿದರು, ಅದರಲ್ಲಿ ಬಾವನವರ ಹೆಬ್ಬೆರಳು ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು. ಕೊನೆಗೆ ಬಾಯಲ್ಲೇ ಎಣಿಸಿ ಹೇಳಿ ಎಂದೆ.

ಎಣಿಕೆಯಲ್ಲಿ ನಮ್ಮ ಬಾವನವರನ್ನು ಆ ಸೀಮೆಯಲ್ಲಿ ಪ್ರಶ್ನಿಸುವವರಿಲ್ಲ. ಯಾರ ತೋಟದಲ್ಲಿ ಕಾಯಿ ಕೆಡವಿದರೂ ಎಣಿಸುವುದಕ್ಕೆ ಅವರನ್ನೇ ಕರೆಯುತ್ತಾರೆ. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು, ಪಕ್ಕದವರ ಜೊತೆ ಜಗಳ ಆಡಿಕೊಂಡು ಸಾವಿರ ಕಾಯಿ ಎಣಿಸಿದರೂ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತೋಟದವನೂ ಕಾಯಿ ಕೊಳ್ಳುವ ಸಾಬರೂ ಇಬ್ಬರೂ ಒಪ್ಪುವ ಲೆಕ್ಕ ಅವರೊಬ್ಬರದೇ. ಅಂಥವರು ಐದು ಸಲ ನೋಡಿ, ಮೂರು ಎಂದರು.

ಮೂರು ಎಂದರೆ ಗ್ಯಾಸಿನ ಒತ್ತಡ ಕಮ್ಮಿ. ಕನ್ನಡಕ ಹಾಕಿಕೊಂಡು, ಕೈಪಿಡಿಯ ಆ ಸಾಲನ್ನು ಇಂಗ್ಲಿಷಿನಲ್ಲೇ ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಕನ್ನಡಕ್ಕೆ ಇಳಿಸಿ, ಮಾಗಡಿಯಿಂದ ಫ್ರಿಜ್ ರಿಪೇರಿಯವನನ್ನು ಕರೆಸಿ ಎಂದು ಆಜ್ಞೆ ಮಾಡಿದೆ. ಅವನು ಬಂದ. ಅವನ ವೈದ್ಯಶಾಸ್ತ್ರದಲ್ಲಿ ಒಂದೇ ಕಾಯಿಲೆ, ಒಂದೇ ಔಷಧ. ಮುಚ್ಚಳ ತೆಗೆಯುವ ಮೊದಲೇ ಗ್ಯಾಸ್ ಇಳಿದೈತೆ ಎಂದನಂತೆ. ನನ್ನ ತೀರ್ಪೂ ಅದೇ ಆಗಿದ್ದರಿಂದ ಅವನು ಬಹಳ ಬುದ್ಧಿವಂತ ಎಂದು ನನಗನಿಸಿತು. ಗ್ಯಾಸ್ ತುಂಬಿದ. ಯಂತ್ರ ಹತ್ತು ನಿಮಿಷ ಓಡಿತು, ನಿಂತಿತು. ಬಾವ ಮತ್ತೆ ಎಣಿಸಿದರು. ಮೂರು.

ಸಹಾಯವಾಣಿಗೂ ಫೋನು ಮಾಡಿದೆ. ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ ಯಂತ್ರದ ನಂಬರು ಕೇಳಿದಳು, ಕೊಟ್ಟೆ. ಎಷ್ಟು ಸಲ ಮಿಣುಕುತ್ತಿದೆ ಎಂದಳು, ಮೂರು ಎಂದೆ. ಮೂರಾದರೆ ಗ್ಯಾಸು, ಜನ ಬರಲು ಒಂದು ವಾರವಾಗುತ್ತದೆ ಎಂದಳು. ಹುಳು ಒಂದು ವಾರ ಜ್ವರದಲ್ಲಿ ಕೂರುವುದಿಲ್ಲ ಎಂಬುದನ್ನು ಹಿಂದಿಯಲ್ಲಿ ಹೇಳುವುದು ಹೇಗೆಂದು ಹೊಳೆಯಲಿಲ್ಲ. ಥ್ಯಾಂಕ್ಸ್ ಹೇಳಿ ಇಟ್ಟೆ.

ಮಾರನೇ ಬೆಳಗ್ಗೆ ಖುದ್ದಾಗಿ ಹೊರಟೆ. ರಾಮನಗರದಿಂದ ಮಾಗಡಿ, ಅಲ್ಲಿಂದ ಸೋಲೂರು. ಎರಡು ಬಸ್ಸಿನಲ್ಲೂ ಕೈಪಿಡಿಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಕೂತಿದ್ದೆ. ಪಕ್ಕದವರು ಯಾವ ಪರೀಕ್ಷೆ ಎಂದು ಕೇಳಿದರು.

ಅಕ್ಕ ನನ್ನನ್ನು ಚಾಕಿ ಮನೆಯೊಳಕ್ಕೆ ಬಿಡಲಿಲ್ಲ. ಬೀದಿ ಕಾಲು, ಬಸ್ಸಿನ ಬಟ್ಟೆ, ಮುಖಕ್ಕೆ ಹಚ್ಚಿದ ಪೌಡರು, ಯಾವುದೂ ಹುಳುವಿಗೆ ಆಗದು. ಅವಳು ಮಾತ್ರ ಸುಣ್ಣದ ಪುಡಿಯಲ್ಲಿ ಕಾಲಿಟ್ಟು, ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗಿ ಬರುತ್ತಿದ್ದಳು. ಹಿಂದಿನ ದಿನದಿಂದ ಮತ್ತೆ ಇದ್ದಿಲ ಒಲೆ ಇಟ್ಟಿದ್ದಳು. ಒಲೆ ಪಕ್ಕದ ಟ್ರೇಗಳಿಗೆ ಶಾಖ ಜಾಸ್ತಿ, ಮೂಲೆಯವಕ್ಕೆ ಕಮ್ಮಿ, ಅದಕ್ಕೆ ಗಂಟೆಗೊಮ್ಮೆ ಟ್ರೇಗಳನ್ನು ಅದಲುಬದಲು ಮಾಡುತ್ತಿದ್ದಳು. ಕಣ್ಣು ಕೆಂಪಾಗಿತ್ತು. ನಾಡಿದ್ದು ಬೆಳಗ್ಗೆ ರೈತರು ಬರುವವರಿದ್ದರು. ಅವಳು ಹೇಳಿದ್ದು ಇಷ್ಟೇ: “ನೀನೇ ಹಾಕಿಸು ಅಂದದ್ದು ಕಣ್ಲಾ. ನೀನೇ ನೋಡು.”

ಯಂತ್ರ ಹೊರಗಿನ ಶೀಟಿನ ಮಾಡಿನ ಕೆಳಗಿತ್ತು. ಕಂಪ್ರೆಸರಿಗೆ ತ್ರೀ ಫೇಸ್ ಕರೆಂಟು ಬೇಕು, ಅದು ಆಗ ಇರಲಿಲ್ಲ. ಬೋರ್ಡಿಗೆ ಮನೆ ಲೈನು ಸಾಕಾಗಿದ್ದರಿಂದ ದೀಪ ಮಾತ್ರ ತನ್ನ ಪಾಡಿಗೆ ಮಿಣುಕುತ್ತಿತ್ತು. ನಾನು ದೀಪವನ್ನು ನೋಡಲಿಲ್ಲ. ಬಾವನವರು ಎಣಿಸಿ ಆಗಿದೆ. ಮತ್ತೆ ಎಣಿಸುವುದು ಅವರಿಗೆ ಅವಮಾನ. ನಾನು ನೇರವಾಗಿ ಸ್ವಿಚ್ಚುಗಳ ಅಧ್ಯಾಯಕ್ಕೆ ಹೋದೆ. ಗ್ಯಾಸ್ ಸರಿಯಿದ್ದೂ ದೋಷ ತೋರಿದರೆ ಬೋರ್ಡಿನ ಹೊಂದಾಣಿಕೆ ಪರಿಶೀಲಿಸತಕ್ಕದ್ದು ಎಂದು ಅಲ್ಲಿ ಬರೆದಿತ್ತು. ಎಂಟು ಸ್ವಿಚ್ಚು, ಎರಡು ಮಾದರಿಯ ಯಂತ್ರ, ಒಂದೇ ಪುಟದಲ್ಲಿ ಎರಡು ಕಂಬಸಾಲು. ನಾನು ಎಡಗಡೆಯ ಸಾಲಿನ ಪ್ರಕಾರ ತಾಳೆ ನೋಡಿದೆ. ಏಳು ಸರಿಯಿದ್ದವು. ಎರಡನೇ ಸ್ವಿಚ್ಚು ಮಾತ್ರ ಕೆಳಗಿರಬೇಕಾದ್ದು ಮೇಲಿತ್ತು. ಕಳ್ಳ ಸಿಕ್ಕ ಎಂದುಕೊಂಡು ಬೆಂಕಿಕಡ್ಡಿಯ ತುದಿಯಿಂದ ಅದನ್ನು ಕೆಳಕ್ಕೆ ತಳ್ಳಿದೆ. ಜೀವಮಾನದಲ್ಲಿ ನಾನು ಯಂತ್ರವೊಂದರ ಒಳಗೆ ಮಾಡಿದ ಮೊದಲ ಕೆಲಸ ಅದು.

ಆಮೇಲೆ ತ್ರೀ ಫೇಸ್ ಬರುವ ತನಕ ಮಾಡಲು ಏನೂ ಇರಲಿಲ್ಲ. ಕೂತೆ. ಕೂತವನ ಕಣ್ಣು ತಾನಾಗಿಯೇ ದೀಪದ ಮೇಲೆ ಹೋಯಿತು. ಸುಮ್ಮನೆ ಎಣಿಸಿದೆ. ನಾಲ್ಕು. ಮತ್ತೆ ಎಣಿಸಿದೆ. ನಾಲ್ಕು. ಬೆರಳು ಮಡಿಚಿ ಎಣಿಸಿದೆ, ಬೆರಳುಗಳೂ ನಾಲ್ಕೇ ಮಡಿಚಿಕೊಂಡವು.

ಬಾವನವರನ್ನು ಕರೆದು, ಸ್ವಲ್ಪ ಅಳುಕಿನಿಂದಲೇ, ಇದು ಎಷ್ಟು ಎಂದೆ. ಅವರು ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಸುತ್ತು ನೋಡಿ ಮೂರು ಎಂದರು.

“ನಾಲ್ಕು ಅಲ್ವಾ ಬಾವ?”

“ಮೂರೇ ಕಣಯ್ಯ. ಮೊದಲ್ನೇದು ದೇವ್ರದು.”

ಅವರು ದಡ್ಡನಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ರಾಗಿ ಅಳೆಯಲಿ, ಕಾಯಿ ಎಣಿಸಲಿ, ಮೊದಲನೆಯದು ದೇವರ ಪಾಲು, ಪಕ್ಕಕ್ಕೆ ಇಡಬೇಕು, ಲೆಕ್ಕ ಅದರ ಆಚೆಯಿಂದ ಶುರು. ಅವರಪ್ಪನೂ ಹಾಗೇ ಎಣಿಸುತ್ತಿದ್ದುದು. ಮೊದಲನೆಯದನ್ನೇ ಒಂದು ಎಂದುಬಿಟ್ಟರೆ ಬೆಳೆದದ್ದು ಕೈಗೆ ಹತ್ತುವುದಿಲ್ಲ. ಅಮೆರಿಕದವನೋ ಚೀನಾದವನೋ ಮಾಡಿದ ಬೋರ್ಡು ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇಟ್ಟುಕೊಂಡಿರಬಹುದು ಎಂಬ ಸಾಧ್ಯತೆ ಅವರಿಗೆ ಹೊಳೆದಿರಲಿಲ್ಲ. ನಾನು ಹೇಳಿದಾಗಲೂ ಅವರು ಸೋಲಲಿಲ್ಲ. ದೇವರಿಗೆ ಒಂದು ಮಿಣುಕು ಬಿಡದ ಮಿಷಿನ್ನು ಕೆಡದೆ ಇನ್ನೇನಾದೀತು ಎಂದರು.

ಅಂತೂ ದೇವರ ಪಾಲನ್ನು ಲೆಕ್ಕಕ್ಕೆ ಸೇರಿಸಿ ಕೈಪಿಡಿ ನೋಡಿದೆ. ನಾಲ್ಕು: ನೀರಿನ ಸುರುಳಿ ಅತಿಯಾಗಿ ತಣ್ಣಗಾಗಿದೆ, ನೀರಿನ ಹರಿವು ಪರೀಕ್ಷಿಸಿ. ಗ್ಯಾಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಯಂತ್ರ ನೀರಿನಿಂದ ಶಾಖ ಹೀರುತ್ತದೆ. ನೀರು ಸಾಕಷ್ಟು ಹರಿಯದಿದ್ದರೆ ಇದ್ದ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ಆಗ ಬೋರ್ಡು ಯಂತ್ರವನ್ನು ನಿಲ್ಲಿಸುತ್ತದೆ. ಎರಡು ದಿನದಿಂದ ಬೋರ್ಡು ಇದನ್ನೇ, ನಿಮಿಷಕ್ಕೆ ಹಲವು ಸಲ, ಒಂದೇ ತಾಳ್ಮೆಯಿಂದ ಹೇಳುತ್ತಿತ್ತು.

ನಾವಿಬ್ಬರೂ ಪೈಪು ಹಿಡಿದುಕೊಂಡು ಹೊರಟೆವು. ಬಾವಿಯ ಪುಟ್ಟ ಪಂಪು ಮನೆ ಲೈನಿನಲ್ಲೇ ಓಡುತ್ತಿತ್ತು, ಅಲ್ಲಿಂದ ಬರುವ ಪೈಪೂ ಸರಿಯಿತ್ತು. ಯಂತ್ರದಿಂದ ಹೊರಡುವ ಪೈಪು ಹಿಪ್ಪುನೇರಳೆ ತೋಟದ ಕಾಲುವೆಗೆ ಹೋಗುತ್ತದೆ. ಅದರ ವಾಲ್ವನ್ನು ಯಾರೋ ಮುಕ್ಕಾಲು ಪಾಲು ತಿರುಗಿಸಿಟ್ಟಿದ್ದರು. ಕಿರುಬೆರಳು ಗಾತ್ರದ ನೀರು ಬೀಳುತ್ತಿತ್ತು.

ಅಕ್ಕ ಹೊರಗೆ ಬಂದಾಗ ಕೇಳಿದೆವು. ಅವಳು ಸ್ವಲ್ಪವೂ ಮುಚ್ಚಿಡಲಿಲ್ಲ. “ಸುಮ್ನೆ ದಬದಬ ಅಂತ ಹರಿದು ದಂಡ ಆಯ್ತಿತ್ತು. ಒಸಿ ಕಮ್ಮಿ ಮಾಡಿದ್ದೆ. ಬಾವಿ ಏನು ನಿಮ್ಮಪ್ಪ ತೋಡಿದ್ದಾ?”

ನಮ್ಮಪ್ಪ ಅವಳಿಗೂ ಅಪ್ಪನೇ. ಎಲ್ಲೇ ನಲ್ಲಿ ಕಂಡರೂ ಒಂದು ಸುತ್ತು ಬಿಗಿ ಮಾಡದೆ ಮುಂದೆ ಹೋಗದ ಹೆಂಗಸು ಅವಳು; ಮದುವೆ ಮನೆಯಲ್ಲೂ ಹಾಗೇ. ಆದರೆ ಹೇಳಿ ಮುಗಿಸಿದ ಮೇಲೆ ಅವಳ ಮುಖ ಸಣ್ಣಗಾಯಿತು. ತನ್ನ ಹುಳುವನ್ನು ತಾನೇ ಎರಡು ದಿನ ಚಳಿಗೆ ನಿಲ್ಲಿಸಿದೆ ಎಂದು ಅವಳಿಗೆ ಅರ್ಥವಾದದ್ದು ಕಾಣುತ್ತಿತ್ತು. ಬಾವನವರು ಅಂಥ ಅವಕಾಶ ಸಿಕ್ಕರೂ ಕುಟುಕಲಿಲ್ಲ. ಅವರ ಹತ್ತಿರವೂ ಒಂದು ಮಿಣುಕಿನ ಬಾಕಿ ಇತ್ತು.

ವಾಲ್ವು ಪೂರ್ತಿ ತೆರೆದೆವು. ಮಧ್ಯಾಹ್ನ ತ್ರೀ ಫೇಸ್ ಬಂತು. ಬೋರ್ಡನ್ನು ಆರಿಸಿ ಹಾಕಿದೆ, ಕೈಪಿಡಿ ಹೇಳಿದಷ್ಟು ನಿಮಿಷ ಕಾದೆವು, ಕಂಪ್ರೆಸರು ಗೊರ್ರ್ ಎಂದು ಎದ್ದಿತು. ಹತ್ತು ನಿಮಿಷ ದಾಟಿತು, ಹದಿನೈದು ದಾಟಿತು, ನಿಲ್ಲಲಿಲ್ಲ. ಬಾವನವರು ನನ್ನ ಬೆನ್ನು ತಟ್ಟಿದರು. ಅಕ್ಕ ಇದ್ದಿಲ ಒಲೆಯನ್ನು ಹೊರಕ್ಕೆ ತಂದು ನೀರು ಚಿಮುಕಿಸಿ ಆರಿಸಿ, ಎರಡು ದಿನದಲ್ಲಿ ಮೊದಲ ಸಲ ಕೂತು ಕಾಫಿ ಕುಡಿದಳು. ನಾನು ಅವರಿಬ್ಬರಿಗೂ ಹೀಟ್ ಪಂಪಿನ ತತ್ವವನ್ನು ಮೊದಲಿನಿಂದ ವಿವರಿಸಿದೆ. ಇನ್ನೊಂದು ಲೋಟ ಕಾಫಿಯ ತನಕ ವಿವರಿಸಿದೆ. ಅವರೂ ಕೇಳಿದರು, ಇಂಥ ಗೌರವ ನನಗೆ ಸ್ಟೋರ್ಸಿನಲ್ಲಿ ಸಿಕ್ಕಿರಲಿಲ್ಲ.

ಆಮೇಲೆ ಅಕ್ಕ ಕಾಲಿಗೆ ಸುಣ್ಣ ಸೋಕಿಸಿಕೊಂಡು ಒಳಗೆ ಹೋದಳು. ಹೋದಷ್ಟೇ ಬೇಗ ಬಾಗಿಲಿಗೆ ಬಂದು ನಿಂತಳು. ಗಟ್ಟಿಯಾಗಿ ಮಾತಾಡಲಿಲ್ಲ.

“ತಣ್ಣಗೆ ಊದ್ತಾ ಐತೆ ಕಣ್ಲಾ.”

ಎರಡನೇ ಸ್ವಿಚ್ಚು. ಅದು ಬಿಸಿಯೋ ತಣ್ಣಗೋ ಎಂದು ನಿರ್ಧರಿಸುವ ಕವಾಟದ ಸ್ವಿಚ್ಚು. ನಮ್ಮ ಮಾದರಿ ಪುಟದ ಬಲಗಡೆಯ ಸಾಲಿನದು. ಬಲಗಡೆ ಅದು ಮೇಲಿರಬೇಕೆಂದು ಚಿತ್ರಸಮೇತ ಬರೆದಿತ್ತು, ಮತ್ತು ನಾನು ಬೆಂಕಿಕಡ್ಡಿ ಹಿಡಿದು ಬರುವ ತನಕ ಮೇಲೇ ಇತ್ತು. ಬಾವನವರ ಎಣಿಕೆಯಿಂದ ಒಂದು ದಿನ ಹೋಯಿತು, ಅಕ್ಕನ ಉಳಿತಾಯದಿಂದ ಯಂತ್ರ ನಿಂತಿತು. ಆದರೆ ಜ್ವರದಲ್ಲಿ ನಿಂತ ಹುಳುವಿನ ಮೇಲೆ ಮುಕ್ಕಾಲು ಗಂಟೆ ಕರೆಂಟು ಖರ್ಚು ಮಾಡಿ ಚಳಿಗಾಳಿ ಬೀಸಿದವನು ಮನೆಯಲ್ಲಿ ಓದಿಕೊಂಡವನೊಬ್ಬನೇ. ಕರೆಂಟು ತೆಗೆದು, ಸ್ವಿಚ್ಚು ಮೇಲಕ್ಕೆ ತಳ್ಳಿ, ಮತ್ತೆ ಹಾಕಿದೆ. ಅಕ್ಕ ಕೈಪಿಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗಿಟ್ಟಳು.

ಸಂಜೆ ಹೊತ್ತಿಗೆ ಕೋಣೆ ಬೆಚ್ಚಗಾಯಿತು. ಮಾರನೇ ದಿನ ಹುಳು ಏಳತೊಡಗಿದವು, ಆದರೆ ಒಂದೇ ಸಮ ಅಲ್ಲ. ಗಾಳಿ ಬೀಸುವ ಬಾಯಿಯ ಎದುರಿನ ಸಾಲಿನ ಟ್ರೇಗಳಲ್ಲಿ ಅರ್ಧಕ್ಕರ್ಧ ಇನ್ನೂ ತಲೆ ಎತ್ತಿಕೊಂಡು ನಿಂತೇ ಇದ್ದವು. ಬಾವನವರು, ಎಲ್ಲವನ್ನೂ ಬೆರೆಸಿ ಕೊಟ್ಟುಬಿಡು, ಮೂರನೇ ಜ್ವರದ ಹೊತ್ತಿಗೆ ಸರಿಹೋಗುತ್ತವೆ, ಯಾರಿಗೆ ಗೊತ್ತಾಗುತ್ತದೆ ಎಂದರು. ಅಕ್ಕ ಆ ಮಾತು ಕೇಳಿಸಲೇ ಇಲ್ಲ ಎನ್ನುವ ಹಾಗೆ ಫೋನು ತೆಗೆದುಕೊಂಡು, ಒಬ್ಬೊಬ್ಬರಿಗೇ ಮಾಡಿ, ನಾಳೆ ಬರಬೇಡಿ, ಇನ್ನೆರಡು ದಿನ ಬಿಟ್ಟು ಬನ್ನಿ ಎಂದಳು. ಮೂವರು ಬೇರೆ ಚಾಕಿ ಮನೆ ನೋಡಿಕೊಳ್ಳುತ್ತೇವೆ ಎಂದರು. ಅವಳು ಆಗಲಿ ಎಂದಳು. ಎದ್ದ ಹುಳುಗಳಿಗೆ ಬೇರೆ ಟ್ರೇ ಮಾಡಿ ಸೊಪ್ಪು ಹಾಕಿದಳು. ಕಾದು ಕಾದು ಏಳದವನ್ನು ಹಿತ್ತಲ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದಳು. ಗುಂಡಿ ತೋಡಿದವನು ನಾನು. ಅದಕ್ಕೆ ಕೈಪಿಡಿ ಬೇಕಾಗಲಿಲ್ಲ.

ಎರಡು ದಿನದ ಮೇಲೆ ರೈತರು ಟ್ರೇ ಒಯ್ಯಲು ಗೂಡ್ಸ್ ಆಟೋ ತಂದರು. ಹುಳು ಒಂದೇ ಅಳತೆಗಿದ್ದವು, ಸೊಪ್ಪಿನ ಮೇಲೆ ಸರಸರನೆ ಹರಿಯುತ್ತಿದ್ದವು. ಒಬ್ಬ ಟ್ರೇಯನ್ನು ಬೆಳಕಿಗೆ ಹಿಡಿದು ನೋಡಿ, ಹುಳ ಚೆನ್ನಾಗವೆ, ಆದ್ರೆ ಯಾಕಕ್ಕ ತಡ ಆಯ್ತು ಎಂದು ಕೇಳಿದ. ಬಾವನವರು ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿದರು. ಅಕ್ಕ ನನ್ನ ಕಡೆ ಕೈ ತೋರಿಸಿದಳು.

“ಮಿಷಿನ್ ಕೆಟ್ಟಿತ್ತು. ನನ್ ತಮ್ಮ ರಾಮನಗರದಿಂದ ಬಂದು ನೋಡ್ದ. ಅದ್ಕೇ ಎರಡು ದಿನ ತಡ ಆಯ್ತು.”

ಅವನು ನನಗೆ ಕೈ ಮುಗಿದ. ಅಕ್ಕನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನೂ ಕೈ ಮುಗಿದು, ಟ್ರೇ ಎತ್ತಿ ಕೊಡುವುದಕ್ಕೆ ಆಟೋದ ಹತ್ತಿರ ಹೋದೆ.