ಎರಡು ಕೂಸಿನ ಫೋಟೊ

ತೆಲಂಗಾಣ ರಾಜ್ಯವಾದ ವರ್ಷ ನಾರಾಯಣಪೇಟೆಯ ನಮ್ಮ ಮನೆಯ ಹಳೆಯ ಫೋಟೊಗಳನ್ನೆಲ್ಲ ನನ್ನ ಫೋನಿಗೆ ಇಳಿಸಿದೆ. ಅಜ್ಜಿ ಪಕ್ಕದಲ್ಲಿ ಕುಳಿತು ಯಾರು ಯಾರೆಂದು ಹೇಳುತ್ತಿದ್ದಳು, ನಾನು ಪ್ರತಿ ಫೋಟೊದ ಕೆಳಗೂ ಟೈಪು ಮಾಡುತ್ತಿದ್ದೆ. ಚಿಕ್ಕಪ್ಪನ ಮದುವೆ ಫೋಟೊದ ಕೆಳಗೆ ಮಾತ್ರ 'ಇವರು ನಕ್ಕ ಕೊನೆಯ ದಿನ' ಎಂದು ಸ್ವಂತ ಬುದ್ಧಿಯಿಂದ ಬರೆದೆ.

ಅಜ್ಜಿ ತೀರಿಕೊಂಡ ಮೇಲೆ ಹೊಸ ಫೋನು ಕೊಂಡೆ. ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡು ಹಳೆಯದನ್ನು ಗದ್ವಾಲದ ಅಂಗಡಿಗೆ ಕೊಟ್ಟುಬಿಟ್ಟೆ. ಚಿತ್ರಗಳು ಬಂದವು, ಬರೆದದ್ದೊಂದೂ ಬರಲಿಲ್ಲ. ಬರೆದಿದ್ದೇನಲ್ಲ ಎಂಬ ಧೈರ್ಯಕ್ಕೆ ಈ ಜಾಣ ಏನನ್ನೂ ನೆನಪಿಟ್ಟುಕೊಂಡಿರಲಿಲ್ಲ.

ಮಕ್ತಲದ ದೊಡ್ಡಮ್ಮ ಎರಡು ಕೂಸಿನ ಫೋಟೊ ಕೇಳಿದಾಗ ಇದು ಗೊತ್ತಾಯಿತು. ಒಂದು ಕೂಸು ನಾನು, ಇನ್ನೊಂದು ವರ್ಷ ತುಂಬುವ ಮೊದಲೇ ಹೋದ ಅವಳ ಮಗ. ಅವನದು ಅದೊಂದೇ ಫೋಟೊ. ಅವನನ್ನಷ್ಟೇ ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಆಸೆ ಅವಳಿಗೆ. ಆದರೆ ಅಜ್ಜಿ ತನ್ನ ಒಂದೇ ಚೌಕಳಿ ಸೀರೆ ಹರಿದು ಇಬ್ಬರಿಗೂ ಅಂಗಿ ಹೊಲಿದಿದ್ದಳು. ಇಬ್ಬರ ಕೆನ್ನೆಗೂ ಕಾಡಿಗೆ ಬೊಟ್ಟು. ಫೋಟೊ ಬೇರೆ ಮಾಸಿತ್ತು. ಹೆತ್ತ ದೊಡ್ಡಮ್ಮನಿಗೇ ಗುರುತು ಹತ್ತಲಿಲ್ಲ. ನನ್ನ ಅವ್ವ ಒಂದು ದಿನ ಎಡಗಡೆಯದು ಅಂದಳು, ಮರುದಿನ ಬಲಗಡೆಯದು.

"ಬಾಯಿ ತೆರದದ್ದು ನಾನಾ ಇರಬೇಕು, ದೊಡ್ಡಮ್ಮ."

"ಇಬ್ಬರ ಬಾಯೀನೂ ತೆರದೈತಲ್ಲೋ! ಎಲ್ಲಾರ ದನಿ ತೆಗೀತಿ, ಅಜ್ಜಿ ದನೀಲೆ ಹೇಳಿ ನೋಡು, ನೆನಪಾದರೂ ಆದೀತು."

ಅಜ್ಜಿಯಂತೆ ಕೆಮ್ಮಿ, "ಕಣ್ಣಾಗ ಏನ್ ಬಿದ್ದೈತಿ ನಿಂಗ, ಕಾಣಂಗಿಲ್ಲೇನು?" ಎಂದೆ.

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಫೋನನ್ನು ನನ್ನ ಮುಂದೆ ಹಿಡಿದು, "ಕಾಣಂಗಿಲ್ಲರೀ ಅತ್ತಿ. ನನ್ನ ಕೂಸು ಯಾವುದು, ನೀವಾ ಹೇಳ್ರಿ" ಎಂದಳು.

ನಾನು ಮತ್ತೊಮ್ಮೆ ಕೆಮ್ಮಿದೆ.