ತಾಯಮ್ಮ ಕೇಳಿದ ಊರು

"ಯಾವ್ ಕೇಸವ್ವಾ ನಿಂದು?"

ಕೊಳ್ಳೇಗಾಲ ನನ್ನನ್ನು ಮೊದಲು ಮಾತಾಡಿಸಿದ್ದು ಹೀಗೆ. ವಿಜಯಪುರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದೆ. ಕೆದರಿದ ತಲೆ, ಕೈಯಲ್ಲೊಂದು ಟ್ರಂಕು. ಸರ್ಕಾರಿ ಮಹಿಳಾ ಆಶ್ರಯಮನೆಯ ಗೇಟು ಕಾಯುವ ಹೆಂಗಸು ನನ್ನನ್ನೂ ಪೊಲೀಸರು ಬಿಡಿಸಿ ತಂದವಳೆಂದೇ ತಿಳಿದಿದ್ದಳು. ಹೊಸ ಮೇಲ್ವಿಚಾರಕಿ ಎಂದಾಗ ನಾಲಿಗೆ ಕಚ್ಚಿಕೊಂಡು ಬೀಗ ತೆಗೆದಳು, ನಾನು ಒಳಗೆ ಕಾಲಿಟ್ಟ ಕೂಡಲೇ ಮತ್ತೆ ಹಾಕಿದಳು. ಮಾರಾಟವಾದ, ಕೂಡಿಹಾಕಿ ದುಡಿಸಿಕೊಂಡ ಹೆಣ್ಣುಮಕ್ಕಳನ್ನು ಸರ್ಕಾರ ಬಿಡಿಸಿ ತಂದು ಇಡುವುದು ಇಲ್ಲಿಯೇ. ಕಾಪಾಡುವುದಕ್ಕೂ ಬೀಗ ಬೇಕೆಂಬುದು ನನಗಿನ್ನೂ ಒಗ್ಗಿಲ್ಲ.

ಬಾಡಿಗೆ ಮನೆ ಸಿಕ್ಕಿದ್ದು ರೇಷ್ಮೆ ನೇಯುವವರ ಬೀದಿಯಲ್ಲಿ. ನಮ್ಮಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿಗೆ, ಇಲ್ಲಿ ಮಗ್ಗದ ಸದ್ದಿಗೆ. ನನ್ನ ಕೆಲಸ ಏನೆಂದು ತಿಳಿದ ಮನೆಯೊಡತಿಯ ಮುಖ ಸಪ್ಪಗಾಯಿತು. "ಮನೆ ಕೊಡ್ತೀವಿ ಕಣವ್ವಾ. ಅಲ್ಲಿರೋ ಎಣ್ಮಕ್ಳ ಮಾತ್ರ ಇಲ್ಲಿಗ್ ಕರ್ಕಬರ್ಬ್ಯಾಡ" ಎಂದರು. ಮೈಯೆಲ್ಲ ಉರಿಯಿತು. ಮನೆ ಬೇಕಿತ್ತಲ್ಲ, ತಲೆಯಾಡಿಸಿದೆ.

ಇಲ್ಲಿನ ಊಟ ಕಲಿಸಿದವಳು ಆಶ್ರಯಮನೆಯ ತಾಯಮ್ಮ. ಹನೂರಿನಾಚೆ ಕಾಡಂಚಿನ ಹಳ್ಳಿಯ, ಅಪ್ಪ ಅಮ್ಮ ಇಲ್ಲದ ಇಪ್ಪತ್ತರ ಹುಡುಗಿ. ರಾಜ್ಯದ ಗಡಿಯಾಚೆ ನೂಲಿನ ಮಿಲ್ಲೊಂದರಲ್ಲಿ ಹೊರಗೆ ಬಿಡದೆ ದುಡಿಸುತ್ತಿದ್ದವರ ಕೈಯಿಂದ ಎರಡೂ ಕಡೆಯ ಪೊಲೀಸರು ಸೇರಿ ಬಿಡಿಸಿದ್ದರು. ಸೊಪ್ಪು, ಕಾಳು ಬೇಯಿಸಿದ ನೀರಿಗೆ ಖಾರ ಕಲಸಿ ಉಣ್ಣುವ ಉಪ್ಸಾರಿನೊಂದಿಗೆ ನಾನು ಮುದ್ದೆ ಜಗಿಯುವುದನ್ನು ಕಂಡು ಬಿದ್ದು ಬಿದ್ದು ನಕ್ಕಳು. "ಅಗೀಬ್ಯಾಡಿ ಕಣಕ್ಕ, ನುಂಗಿ!" ಪೂರ್ತಿ ಒಂದು ಮುದ್ದೆ ನುಂಗಿದ ದಿನ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು.

ಅವಳನ್ನು ಕರೆದೊಯ್ಯಲು ಸೋದರಮಾವ ಬಂದ. ಬಾಳೆಹಣ್ಣು, ಸೀರೆ, ಒಂದು ಮೊಳ ಮಲ್ಲಿಗೆ ತಂದಿದ್ದ. ಅಧಿಕಾರಿಗಳು ಅವನ ಮನೆಯನ್ನೂ ನೋಡಿಬಂದು ಒಪ್ಪಿದ್ದರು. ನಮ್ಮ ಕಡೆಯಂತೆ ಇಲ್ಲಿಯೂ ಸೋದರಮಾವನೆಂದರೆ ತವರೇ. ನನಗೂ ಸಮಾಧಾನವಾಗಿತ್ತು. ತಾಯಮ್ಮ ಹೂವನ್ನು ಮುಡಿಯದೆ ಕಿಟಕಿಯಲ್ಲಿಟ್ಟಳು. ಸಂಕೋಚವೆಂದುಕೊಂಡೆ. ಅವಳು ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು.

"ನನ್ನ ಮಿಲ್ಲಿನ ವ್ಯಾನ್ಗ ಅತ್ಸಿದ್ದೇ ಈ ಮಾವ ಕಣಕ್ಕ."

ನಾನು ಓಡಿಹೋಗಿ, ಅವಳನ್ನು ಕಳಿಸಿಕೊಡಲು ಬಂದಿದ್ದ ಅಧಿಕಾರಿಣಿಗೆ ಹೇಳಿದೆ. ಅವರು ತಾಯಮ್ಮನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ಕಳಿಸುವುದನ್ನು ನಿಲ್ಲಿಸಿದರು, ಮಾವನ ಮೇಲೂ ದೂರು ದಾಖಲಾಯಿತು. ಸರ್ಕಾರದ ಕೆಲಸವೆಂದರೆ ಹಗುರವಾಗಿ ಮಾತಾಡುವವಳು ನಾನು. ಅಂದು ಆ ಅಧಿಕಾರಿಣಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆದರೆ ತಾಯಮ್ಮ ಹೋಗುವುದೆಲ್ಲಿಗೆ? ಆಶ್ರಯಮನೆಯಲ್ಲಿ ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ಹತ್ತಿರದ ಯಳಂದೂರಿನಲ್ಲಿ ಹೊಲಿಗೆ ಕೆಲಸ ಕೊಡಿಸುತ್ತೇವೆ ಎಂದರೆ ಬೆಚ್ಚಿದಳು. "ಅಲ್ಗೂ ನಮ್ಮೋರು ಬತ್ತಾರೆ ಕಣಕ್ಕ. ಕಂಡಿಡ್ದ್ಬುಡ್ತಾರೆ." ಆಮೇಲೆ ಕೇಳಿದಳು: "ನಿಮ್ಮೂರ್ಗೇ ಕರ್ಕಂಡೋಗಿ. ಅಲ್ಲಿ ನನ್ನ ಯಾರೂ ಕಂಡಿಲ್ಲ."

ಒಂಟಿತನ ಕಾಡಿದಾಗಲೆಲ್ಲ ನಮ್ಮ ಓಣಿಯ ಸುದ್ದಿಯನ್ನು ಅವಳಿಗೆ ಹೇಳಿದ್ದೆ. ಹಗಲಲ್ಲಿ ಯಾರ ಬಾಗಿಲೂ ಮುಚ್ಚುವುದಿಲ್ಲ, ಯಾರ ಮನೆಯಲ್ಲಾದರೂ ರೊಟ್ಟಿ ಉಣ್ಣಬಹುದು ಎಂದು. ಅದು ಸುಳ್ಳಲ್ಲ. ಆದರೆ ಇವಳು ಯಾರ ಪೈಕಿ, ಇಷ್ಟು ದಿನ ಎಲ್ಲಿದ್ದಳು ಎಂದು ಮೊದಲ ದಿನವೇ ಕೇಳುವವರ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಅವರಲ್ಲಿ ನನ್ನ ಅವ್ವ ಇದ್ದಳು. ಊರಲ್ಲಿ ಕೂತು ಇದನ್ನು ಓದುತ್ತಿರುವ ನೀವೂ ಇದ್ದಿರಿ. ಮನೆಯೊಡತಿಯ ಮೇಲೆ ಸಿಟ್ಟಾಗುವ ಮುಖ ನನಗಿರಲಿಲ್ಲ.

"ನಮ್ಮೂರು ಭಾಳ ದೂರ ಐತಿ, ತಾಯಮ್ಮ" ಎಂದೆ.

"ದೂರ್ವೇ ಬೇಕು ಕಣಕ್ಕ" ಎಂದಳು.