ಗಾಡಿದಾರಿಗೆ ಅಡ್ಡ ಹಾಕಿದ ಕಟ್ಟ

1962ರಲ್ಲಿ ನಾನು ಪುತ್ತೂರು ತಾಲೂಕಿನ ಒಂದು ಸಣ್ಣ ಪೇಟೆಯ ಪಂಚಾಯತಿಗೆ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ಬಂದೆ. ಆಗ ಸುಳ್ಯವೂ ಇದೇ ತಾಲೂಕಿನಲ್ಲಿತ್ತು. ಪೇಟೆಯ ಹೆಸರು ಇಲ್ಲಿ ಬೇಡ. ನನಗೆ ಇದು ಮೊದಲ ಕೆಲಸ.

ಮೀನು ಮಾರ್ಕೆಟ್ಟಿನ, ಹೋಟೆಲುಗಳ ಕಸವನ್ನೆಲ್ಲ ಎತ್ತಿನ ಗಾಡಿಗಳು ಇಲ್ಲಿ ತೋಡು ಎನ್ನುವ ಸಣ್ಣ ಹೊಳೆ ದಾಟಿ ಒಯ್ದು, ಮುರಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಗುಂಡಿಗೆ ಸುರಿಯುತ್ತಿದ್ದವು. ಕೋರೆಯ ಬುಡದಲ್ಲೇ ತೋಡು ಹರಿಯುತ್ತಿತ್ತು. ಅದರ ಕೆಳಗೆ ಗದ್ದೆಗಳ ಬೈಲು. ಮಳೆಗಾಲದಲ್ಲಿ ಎಲ್ಲವೂ ಕೊಚ್ಚಿಹೋಗಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದುದು ಕಟ್ಟ ಹಾಕಿದ ಮೇಲೆ.

ಕಟ್ಟವೆಂದರೆ ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪಿನಿಂದ ತೋಡಿಗೆ ಅಡ್ಡಲಾಗಿ ಹಾಕುವ ಒಡ್ಡು. ಮನೆಗೊಬ್ಬರಂತೆ ಬಂದು ಹಾಕುತ್ತಾರೆ. ನಿಂತ ನೀರಿನಿಂದ ಮಳೆಗಾಲದ ನಂತರದ ಸುಗ್ಗಿ ಭತ್ತದ ಬೆಳೆಯಾಗುತ್ತದೆ, ಬಾವಿಗಳಲ್ಲೂ ನೀರು ಏರುತ್ತದೆ. ಬೆಳೆ ಇರುವಾಗ ಕಟ್ಟ ಕಡಿದವನನ್ನು ಇಲ್ಲಿ ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರೆ.

ನಾನು ಬಂದ ಬೇಸಗೆಯಲ್ಲಿ ಬೈಲಿನ ಮಕ್ಕಳಿಗೆ ವಾಂತಿಭೇದಿ ಹಿಡಿಯಿತು. ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ. ಒಂದೆರಡು ದಿನ ಸರಿಯಿದ್ದು ಮತ್ತೆ ಅದೇ ಕಾಯಿಲೆ. ಬೈಲಿನ ಹಿರಿಯರಾದ ಬೆಳ್ಯಪ್ಪ ಗೌಡರ ಮೊಮ್ಮಗಳು ಉಳಿಯಲಿಲ್ಲ.

ಗೌಡರು ಪಂಚಾಯತಿಗೆ ಬಂದು ಕೋರೆಗೆ ಕಸ ಹಾಕಬಾರದು ಎಂದರು. ಅಧ್ಯಕ್ಷರು ಬೇರೆ ದಾರಿ ತೋರಿಸಿದರು: “ಮುಂದಿನ ಸಲ ಕಟ್ಟ ಹಾಕದೆ ಹರಿಯಲು ಬಿಡಿ. ನಾತವೂ ಹೋಗ್ತದೆ, ಕಾಯಿಲೆಯೂ ಹೋಗ್ತದೆ.”

“ಬೆಳೆಯೂ ಹೋಗ್ತದೆ” ಎಂದು ಹೇಳಿ ಗೌಡರು ಎದ್ದು ಹೋದರು.

ಡಿಸೆಂಬರಿನಲ್ಲಿ ಬೈಲಿನವರು ಕೋರೆಯ ಕೆಳಗಿನ ಹಳೆಯ ಜಾಗದಲ್ಲಿ ಕಟ್ಟ ಹಾಕಲಿಲ್ಲ. ಕೋರೆಗಿಂತ ಮೇಲೆ, ಗಾಡಿಗಳು ತೋಡು ದಾಟುವ ಜಾಗದ ತುಸು ಕೆಳಗೆ ಹಾಕಿದರು. ಶುದ್ಧ ನೀರು ಅಲ್ಲಿಯೇ ನಿಂತಿತು. ಕೋರೆಯ ಎದುರು ಬದಿಯ ಗುಡ್ಡದ ಅಂಚಿನಲ್ಲಿ ನೀರು ಹರಿಯುವ ಕಣಿ ತೋಡಿ ಅದನ್ನು ಗದ್ದೆಗೂ ಮನೆಗಳಿಗೂ ಒಯ್ದರು. ಗಾಡಿದಾರಿ ಎತ್ತಿನ ಎದೆಮಟ್ಟ ಮುಳುಗಿತು. ಪೇಟೆಯಲ್ಲಿ ಕಸ ರಾಶಿ ಬಿತ್ತು.

ಕಟ್ಟ ಸಾರ್ವಜನಿಕರಿಗೆ ಉಪದ್ರವ, ತೆಗೆಸಿ ಎಂದು ಅಧ್ಯಕ್ಷರು ನನಗೆ ಆದೇಶ ಕೊಟ್ಟರು. ಕೂಲಿಯಾಳುಗಳನ್ನು ಕರೆದುಕೊಂಡು ಹೋದೆ. ಬೈಲಿನ ಒಣಮೀನು ವ್ಯಾಪಾರಿ ಪೊಡಿಯಬ್ಬ ಬ್ಯಾರಿಗಳು ಕಟ್ಟದ ಮೇಲೆಯೇ ಕುಳಿತಿದ್ದರು.

“ಬನ್ನಿ ಇನ್‌ಸ್ಪೆಕ್ಟ್ರೇ. ಪೌಡರ್ ತಂದದ್ದಾ, ಹಾರೆಯಾ?”

“ಹಾರೆ” ಎಂದೆ.

“ಅದೇ ವಾಸಿ. ನಿಮ್ಮ ಪೌಡರಿನ ಚಾ ಕುಡಿದು ಕುಡಿದು ನಾಲಿಗೆಗೆ ಸುಣ್ಣ ಬಳಿದ ಹಾಗೆ ಆಗಿದೆ ಮಾರಾಯ್ರೆ.”

ಆಳುಗಳೂ ನಕ್ಕರು. ಆದರೆ ಹಾರೆ ಎತ್ತಲಿಲ್ಲ. ಅವರಲ್ಲಿ ಹಿರಿಯವನು ನನ್ನ ಮುಖ ನೋಡದೆ ಹೇಳಿದ: “ನಮಗೂ ಊರಲ್ಲಿ ಬೈಲು ಉಂಟು ಸ್ವಾಮಿ. ಬೇರೆ ಎಂತ ಕೆಲಸ ಬೇಕಾದರೂ ಹೇಳಿ.”

ಸುದ್ದಿ ಮುಟ್ಟಿ ಅಧ್ಯಕ್ಷರೇ ಬಂದರು. ಅಷ್ಟರಲ್ಲಿ ಬೈಲಿನವರೆಲ್ಲ ಸೇರಿದ್ದರು. ಬೆಳ್ಯಪ್ಪ ಗೌಡರು ದನಿ ಏರಿಸಲಿಲ್ಲ.

“ನಿಮ್ಮ ಬೈಲಲ್ಲೂ ಕಟ್ಟ ಉಂಟಲ್ಲ ಅಧ್ಯಕ್ಷರೇ? ಮೊದಲ ಕಲ್ಲು ನೀವು ತೆಗೀರಿ. ಉಳಿದದ್ದು ನಾವೇ ತೆಗೀತೇವೆ.”

ಅಧ್ಯಕ್ಷರು ನೀರಿನ ಅಂಚಿನವರೆಗೆ ಹೋಗಿ ನಿಂತರು. ಬಗ್ಗಲಿಲ್ಲ. ನನ್ನ ಕಡೆ ತಿರುಗಿದರು. “ನಿಮ್ಮ ಕಾನೂನು ಎಂತ ಹೇಳ್ತದೆ?”

“ಆರೋಗ್ಯ ಕೆಡಿಸುವುದನ್ನು ತೆಗೆಯಬೇಕು ಅಂತ ಹೇಳ್ತದೆ. ಕಟ್ಟ ಯಾರ ಆರೋಗ್ಯವನ್ನೂ ಕೆಡಿಸಿಲ್ಲ, ಕೋರೆ ಕೆಡಿಸಿದೆ.”

“ಹಾಗಾದ್ರೆ ಪೇಟೆಯ ಕಸ ನನ್ನ ತಲೆ ಮೇಲೆ ಹಾಕುದಾ?”

“ತಲೆ ಮೇಲೆ ಬೇಡ,” ಎಂದರು ಪೊಡಿಯಬ್ಬ. “ನೀರಿಂದ ದೂರ ಹಾಕಿ, ಸಾಕು.”

ನಾನು ಅದನ್ನೇ ವರದಿಯಲ್ಲಿ ಬರೆದೆ. ಆ ತಿಂಗಳೊಳಗೆ ಪಂಚಾಯತಿ ತೋಡಿನಿಂದ ದೂರ, ಗುಡ್ಡದ ಮೇಲಿನ ಬೋಳು ಪದವಿನಲ್ಲಿ ಕಾಂಪೋಸ್ಟ್ ಗುಂಡಿಗಳನ್ನು ತೋಡಿಸಿತು. ಕೋರೆಯ ಹಳೆಯ ಕಸವನ್ನು ತೆಗೆಯಲು ಮಾತ್ರ ಯಾರಿಂದಲೂ ಆಗಲಿಲ್ಲ. ಮೇಲೆ ಮಣ್ಣು ಮುಚ್ಚಿದರು, ಅಷ್ಟೆ.

ಮರುವರ್ಷ ಗೌಡರು ನನ್ನಲ್ಲಿಗೆ ಬಂದರು. “ಬಾವಿ ನೀರು ಸೇದಬಹುದಾ ಅಂತ ಸೊಸೆ ಕೇಳ್ತಾಳೆ. ಅವಳು ಈಗ ಮತ್ತೆ ಬಸುರಿ.” ನೀರನ್ನು ಪರೀಕ್ಷೆಗೆ ಕಳುಹಿಸಿದೆ. ಕುಡಿಯಲು ಯೋಗ್ಯವಲ್ಲವೆಂದು ಉತ್ತರ ಬಂತು. ಹಾಗೆಯೇ ಹೇಳಿದೆ. ಗೌಡರು ಹಿಂತಿರುಗಿ ಹೋಗಿ, ಆ ವರ್ಷವೂ ಮೇಲಿನ ಜಾಗದಲ್ಲೇ ಕಟ್ಟ ಹಾಕಿಸಿದರು. ಆ ಬಾವಿಗೆ ಮತ್ತೆ ಹಗ್ಗ ಇಳಿದದ್ದು ಇನ್ನೊಂದು ಮಳೆಗಾಲ ಕಳೆದ ಮೇಲೆ.

ಈಗಲೂ ಬಾವಿ ಕೆಟ್ಟಿದೆ ಎಂದು ದೂರು ಬಂದರೆ ಪೌಡರ್ ಒಯ್ಯುತ್ತೇನೆ. ಆದರೆ ಚೀಲ ಬಿಚ್ಚುವ ಮೊದಲು ತೋಡಿನ ಗುಂಟ ಮೇಲಕ್ಕೆ ನಡೆದು ನೋಡುತ್ತೇನೆ.